ನುಡಿಯ ನಿಲುಗಡೆ

ಮೈಸೂರಿನಿಂದ ಮಡಿಕೇರಿಗೆ ಹೊರಟ ವೇಗದೂತ ಬಸ್ಸು ಹುಣಸೂರಿನಲ್ಲಿ ನಿಲ್ಲುತ್ತದೆ, ಪಿರಿಯಾಪಟ್ಟಣದಲ್ಲಿ ನಿಲ್ಲುತ್ತದೆ, ಮುಂದೆ ಕುಶಾಲನಗರದಲ್ಲಿ ನಿಲ್ಲುತ್ತದೆ. ಹೀಗಲ್ಲದೆ ದಾರಿಯ ಪ್ರತಿಯೊಂದು ಮೈಲಿಗಲ್ಲಿನ ಬಳಿಯೂ ಚಾಲಕನು ಬಸ್ಸನ್ನು ನಿಲ್ಲಿಸುತ್ತ ಹೋದರೆ ಪ್ರಯಾಣಿಕರು ಊರು ಸೇರುವುದು ಎಂದಿಗೆ? ಇಂಗ್ಲಿಷ್ ವಾಕ್ಯವನ್ನು ಪದಪದಕ್ಕೂ ನಿಂತು ಓದುವ ವಿದ್ಯಾರ್ಥಿಯ ಮುಂದೆ ಕುಳಿತ ಕೇಳುಗರ ಪಾಡೂ ಇದೇ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಅಪರಿಚಿತವಾದ ಭಾಷೆಯಲ್ಲ. 2007-08ನೆಯ ಸಾಲಿನಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದರ ಕಲಿಕೆ ಆರಂಭವಾಗುತ್ತದೆ. ಆದರೂ ಹೆಚ್ಚಿನ ವ್ಯಾಸಂಗಕ್ಕೆಂದೋ ಕೆಲಸದ ಸಂದರ್ಶನಕ್ಕೆಂದೋ ಮೈಸೂರಿಗೆ ಹೋದಾಗ ಇವರಲ್ಲಿ ಅನೇಕರು ಬಾಯಿ ಬಿಡಲು ಹಿಂಜರಿಯುತ್ತಾರೆ. ಬರೆಯಲು ಕೊಟ್ಟರೆ ತಪ್ಪಿಲ್ಲದೆ ಬರೆಯಬಲ್ಲ ವಾಕ್ಯವೇ ನಾಲಗೆಯ ಮೇಲೆ ತುಂಡುತುಂಡಾಗುತ್ತದೆ. ಕೇಳಿದವರು ಮುಖ ನೋಡುತ್ತಾರೆ. ಹೇಳಿದವನು ತನಗೆ ಇಂಗ್ಲಿಷ್ ಬಾರದೆಂದು ತೀರ್ಮಾನಿಸಿ ಸುಮ್ಮನಾಗುತ್ತಾನೆ. ಈ ತೀರ್ಮಾನ ಸರಿಯಲ್ಲ. ಪದಗಳು ಅವನಲ್ಲಿವೆ; ಅವುಗಳಲ್ಲಿ ಯಾವುದು ಯಾವುದರ ಜೊತೆಗೆ ಸೇರಬೇಕೆಂಬುದು ಮಾತ್ರ ಅವನಿಗೆ ತಿಳಿದಿಲ್ಲ.

ಒಂದು ವಾಕ್ಯವನ್ನು ನೋಡಬಹುದು: “ಆನ್ ಮಂಡೇ ಮಾರ್ನಿಂಗ್ ಮೈ ಫಾದರ್ ವೆಂಟ್ ಟು ದ ಮಾರ್ಕೆಟ್ ಇನ್ ಹುಣಸೂರು.” ಇದರಲ್ಲಿ 11 ಪದಗಳಿವೆ. ಇದನ್ನೇ ಕನ್ನಡದಲ್ಲಿ “ಸೋಮವಾರ ಬೆಳಿಗ್ಗೆ ನನ್ನ ತಂದೆ ಹುಣಸೂರಿನ ಸಂತೆಗೆ ಹೋದರು” ಎಂದರೆ 7 ಪದಗಳು ಸಾಕು. ಉಳಿದ ಪದಗಳು ಎಲ್ಲಿ ಹೋದವು? “ಟು ದ ಮಾರ್ಕೆಟ್” ಎಂಬ ಮೂರು ಪದಗಳ ಕೆಲಸವನ್ನು “ಸಂತೆಗೆ” ಎಂಬ ಒಂದೇ ಪದ ಮಾಡಿದೆ. “ಇನ್ ಹುಣಸೂರು” ಎಂಬುದು “ಹುಣಸೂರಿನ” ಎಂಬುದರಲ್ಲಿ ಅಡಗಿದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸದ ಪುಟ್ಟ ಪದವು ನಾಮಪದದ ಮುಂದೆ ಬಂದು, ಬರವಣಿಗೆಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆದರೆ ಮಾತಿನಲ್ಲಿ ಅದು ಬೇರೆಯಲ್ಲ. “ಸಂತೆ” ಎಂದು ಹೇಳಿ, ಉಸಿರೆಳೆದುಕೊಂಡು, ಆಮೇಲೆ “ಗೆ” ಎನ್ನುವ ಕನ್ನಡಿಗನು ಎಲ್ಲಿಯೂ ಇರಲಾರನು. “ಟು” ಎಂದು ನಿಂತು, “ದ” ಎಂದು ಮತ್ತೆ ನಿಂತು, ಅನಂತರ “ಮಾರ್ಕೆಟ್” ಎನ್ನುವುದೂ ಅಷ್ಟೇ ವಿಚಿತ್ರವಾದುದು. ಆದುದರಿಂದ ಈ 11 ಪದಗಳು ನಾಲ್ಕು ಗುಚ್ಛಗಳಾಗುತ್ತವೆ: ಆನ್ ಮಂಡೇ ಮಾರ್ನಿಂಗ್ | ಮೈ ಫಾದರ್ ವೆಂಟ್ | ಟು ದ ಮಾರ್ಕೆಟ್ | ಇನ್ ಹುಣಸೂರು. ಒಂದೊಂದು ಗುಚ್ಛವನ್ನೂ ಒಂದೊಂದು ಕನ್ನಡ ಪದದಂತೆ ಬಿಡಿಸದೆ ನುಡಿಯಬೇಕು.

ಪದಗಳ ನಡುವೆ ಜಾಗ ಬಿಡುವುದು ಬರವಣಿಗೆಯ ಒಂದು ಅನುಕೂಲ ಮಾತ್ರ. ಹಳೆಯ ಓಲೆಗರಿಗಳಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ಎಡೆಬಿಡದೆ ಸಾಗುತ್ತಿದ್ದವು. ಪದ ಎಲ್ಲಿ ಮುಗಿಯಿತೆಂಬುದನ್ನು ಓದುವವನೇ ಅರ್ಥ ನೋಡಿ ನಿರ್ಧರಿಸಬೇಕಾಗಿತ್ತು. ಕುಮಾರವ್ಯಾಸನ ಷಟ್ಪದಿಗಳನ್ನು ವಾಚಿಸುವ ಗಮಕಿಗಳು ಇಂದಿಗೂ ಪಾದ ಮುಗಿಯಿತೆಂದು ನಿಲ್ಲದೆ, ಅರ್ಥ ಮುಗಿದಲ್ಲಿ ನಿಲ್ಲುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಲಿಪಿ ಇನ್ನೂ ಸ್ವಾರಸ್ಯಕರವಾದುದು. ಅದರಲ್ಲಿ ಉಚ್ಚಾರದ ಒಂದೊಂದು ಘಟಕವಾದ ಮೇಲೂ ಒಂದು ಚುಕ್ಕೆ ಇರುತ್ತದೆ. ಪದಗಳ ನಡುವೆ ಬೇರೆ ಗುರುತಿಲ್ಲ. ಮಾತಿನ ಒಂದು ಖಂಡ ಮುಗಿದಾಗ ನೇರವಾದ ಗೆರೆಯೊಂದು ಬರುತ್ತದೆ. ಚುಕ್ಕೆ ಕಂಡಲ್ಲೆಲ್ಲ ನಿಂತರೆ ಆ ಭಾಷೆಯನ್ನು ಓದಿದಂತೆಯೇ ಆಗುವುದಿಲ್ಲ.

ಗುಚ್ಛದೊಳಗೆ ಪದಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ? ಇದಕ್ಕೆ ಉತ್ತರ ಕನ್ನಡ ವ್ಯಾಕರಣದ ಸಂಧಿ ಪ್ರಕರಣದಲ್ಲಿಯೇ ಇದೆ. “ಮನೆ” ಮತ್ತು “ಅಲ್ಲಿ” ಸೇರುವಾಗ ನಡುವೆ ಯಕಾರವು ಆಗಮವಾಗಿ “ಮನೆಯಲ್ಲಿ” ಆಗುತ್ತದೆ. “ಗುರು” ಮತ್ತು “ಅನ್ನು” ಸೇರುವಾಗ ವಕಾರವು ಬಂದು “ಗುರುವನ್ನು” ಆಗುತ್ತದೆ. ಇಂಗ್ಲಿಷಿನಲ್ಲಿಯೂ “ಸೀ ಇಟ್” ಎಂಬುದು ಬಾಯಲ್ಲಿ “ಸೀಯಿಟ್” ಎಂದೂ, “ಗೋ ಔಟ್” ಎಂಬುದು “ಗೋವೌಟ್” ಎಂದೂ ಸಾಗುತ್ತದೆ. ವ್ಯಂಜನದ ಮುಂದೆ ಸ್ವರ ಬಂದರೆ ಎರಡೂ ಕೂಡಿಕೊಳ್ಳುತ್ತವೆ: “ಲುಕ್ ಅಟ್ ಇಟ್” ಎಂಬುದು “ಲುಕಟಿಟ್” ಆಗುತ್ತದೆ. ಇಂಗ್ಲಿಷರು ಇದನ್ನು ಕಾಗದದ ಮೇಲೆ ತೋರಿಸುವುದಿಲ್ಲ, ಕನ್ನಡಿಗರು ತೋರಿಸುತ್ತಾರೆ. ಸಂಧಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದು ಇಲ್ಲಿಯೂ ನೆರವಾಗುವುದು ಸಣ್ಣ ಲಾಭವೇನೂ ಅಲ್ಲ!

ಒಂದು ಭೇದವನ್ನು ಮಾತ್ರ ಗಮನಿಸಬೇಕು. ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲು ಸಲ್ಲಲೇಬೇಕು. ಇಂಗ್ಲಿಷಿನಲ್ಲಿ ಅರ್ಥದ ಭಾರ ಹೊತ್ತ ಪದದ ಮೇಲೆ ಒತ್ತು ಬಿದ್ದು, “ಟು”, “ಆಫ್”, “ಆಂಡ್” ಮುಂತಾದವು ಕುಗ್ಗುತ್ತವೆ. “ಆಂಡ್” ಎಂಬುದು ಎಷ್ಟೋ ವೇಳೆ ಬರಿಯ “ಅನ್” ಎಂದು ಕೇಳಿಸುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್ 1945ರಲ್ಲಿ ಇಂಗ್ಲಿಷಿನ ಲಯವು ಒತ್ತನ್ನು ಅವಲಂಬಿಸಿದೆಯೆಂದು ವಿವರಿಸಿದನು. ಒತ್ತುಗಳ ನಡುವಿನ ಕಾಲ ಕರಾರುವಾಕ್ಕಾಗಿ ಸಮವಲ್ಲವೆಂದು ಮುಂದಿನ ಅಳತೆಗಳು ತೋರಿಸಿದರೂ, ಎಲ್ಲ ಪದಗಳಿಗೂ ಸಮನಾದ ಒತ್ತು ಕೊಟ್ಟರೆ ಗುಚ್ಛವು ಒಡೆಯುತ್ತದೆ ಎಂಬುದು ನಿಜ. ಇದಕ್ಕಾಗಿ ವೇಗವಾಗಿ ಮಾತನಾಡಬೇಕಾಗಿಲ್ಲ. ಇಂಗ್ಲಿಷರ ಉಚ್ಚಾರವನ್ನು ಅನುಕರಿಸಲು ಹೊರಟು ಮೂಗಿನಲ್ಲಿ ಮಾತನಾಡುವುದಂತೂ ಅನಾವಶ್ಯಕ. ನಿಧಾನವಾಗಿ, ತಮ್ಮ ಊರಿನ ದನಿಯಲ್ಲಿಯೇ, ಗುಚ್ಛ ಕೆಡದಂತೆ ನುಡಿಯುವವರ ಮಾತು ಯಾರಿಗೂ ಅರ್ಥವಾಗುತ್ತದೆ.

ಕೇಳುವವರ ಮನಸ್ಸೂ ಗುಂಪುಗಳನ್ನೇ ಬಯಸುತ್ತದೆ. ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯನ್ನು ಹೇಳುವವರು ಅದನ್ನು ಎರಡು ಮೂರು ಭಾಗ ಮಾಡಿಯೇ ಹೇಳುತ್ತಾರೆ. ಮನಸ್ಸು ಒಮ್ಮೆಗೆ ಕೆಲವೇ ಗುಂಪುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದೆಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರತಿಪಾದಿಸಿದನು. ಬಿಡಿಬಿಡಿಯಾಗಿ ಬಂದ 11 ಪದಗಳನ್ನು ಜೋಡಿಸುವ ಶ್ರಮ ಕೇಳುಗನ ಮೇಲೆ ಬಿದ್ದಾಗ, ಕೊನೆಯ ಪದ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ನಿಲುಗಡೆ ಸರಿದರೆ ಅರ್ಥವೂ ಸರಿಯುತ್ತದೆ. “ಹೊಸ ಶಾಲೆಯ ಕಟ್ಟಡ” ಎಂಬಲ್ಲಿ ಹೊಸದು ಶಾಲೆಯೋ ಕಟ್ಟಡವೋ? “ಹೊಸ” ಎಂದು ಅರೆಗಳಿಗೆ ನಿಂತು “ಶಾಲೆಯ ಕಟ್ಟಡ” ಎಂದರೆ ಕಟ್ಟಡ ಹೊಸದು. “ಮೈ ಬ್ರದರ್ | ಹೂ ಲಿವ್ಸ್ ಇನ್ ಮೈಸೂರು | ಈಸ್ ಎ ಡಾಕ್ಟರ್” ಎಂದು ಎರಡು ಕಡೆ ತಡೆದು ಹೇಳಿದರೆ ಅಣ್ಣ ಒಬ್ಬನೇ. ಅವನು ಮೈಸೂರಿನಲ್ಲಿರುವುದು ಹೆಚ್ಚಿನ ವಿಷಯ. “ಬ್ರದರ್” ಎಂಬಲ್ಲಿ ನಿಲ್ಲದೆ “ಮೈಸೂರು” ಎಂಬವರೆಗೆ ಒಂದೇ ಸಮನೆ ಹೇಳಿದರೆ ಬೇರೆ ಊರಿನಲ್ಲಿ ಇನ್ನೊಬ್ಬ ಅಣ್ಣನಿದ್ದಾನೆಂಬ ಭಾವನೆ ಹುಟ್ಟುತ್ತದೆ.

ಅಭ್ಯಾಸಕ್ಕೆ ಒಂದು ಸೀಸದ ಕಡ್ಡಿ ಸಾಕು. ಪಾಠದ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಓದಿ, ಅರ್ಥದ ತುಂಡು ಮುಗಿದಲ್ಲೆಲ್ಲ ತೆಳುವಾದ ಗೆರೆಯೆಳೆದು, ಅನಂತರ ಗಟ್ಟಿಯಾಗಿ ಓದಬೇಕು. “ದ ರಿವರ್ ಕಬಿನಿ | ಜಾಯಿನ್ಸ್ ದ ಕಾವೇರಿ | ಅಟ್ ತಿರುಮಕೂಡಲು ನರಸೀಪುರ.” ಗೆರೆ ಎಲ್ಲರಿಗೂ ಒಂದೇ ಕಡೆ ಬೀಳಬೇಕೆಂಬ ನಿಯಮವಿಲ್ಲ. ಹೆಗ್ಗಡದೇವನಕೋಟೆಯ ಬಾಲಕಿಯೊಬ್ಬಳು ಮೂರು ಗುಚ್ಛ ಮಾಡಿದುದನ್ನು ಕೃಷ್ಣರಾಜನಗರದ ಬಾಲಕನು ಎರಡರಲ್ಲಿ ಮುಗಿಸಬಹುದು. “ಅಟ್” ಎಂಬುದಾದ ಮೇಲೆ ಮಾತ್ರ ಇಬ್ಬರೂ ಗೆರೆ ಹಾಕುವಂತಿಲ್ಲ.