ಹೋರಿ ಬ್ಯಾಡ್ಜಿನ ಕಾರು ಮಾರಾಟಕ್ಕಿದೆ

ನಮ್ಮ ಸೌತ್‌ಲೇಕಿನಲ್ಲಿ 1957ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಒಂದು ಮಾರಾಟಕ್ಕಿದೆ. 'ಅಪರೂಪದ ಬ್ರಿಟಿಷ್ ಸಲೂನ್' ಅಂತ ಜಾಹೀರಾತು, ಬೆಲೆ ಹನ್ನೆರಡು ಸಾವಿರ ಡಾಲರ್. ಫೋಟೋ ನೋಡಿದ ಕನ್ನಡಿಗರು ಯಾರೂ ಅಪರೂಪ ಅನ್ನಲಿಕ್ಕಿಲ್ಲ ಬಿಡಿ. ಗುಂಡನೆಯ ಬಾನೆಟ್ಟು, ಉಬ್ಬಿದ ಮಡ್‌ಗಾರ್ಡು... ವಿಧಾನಸೌಧದ ಮುಂದೆ ಬಿಳಿಬಿಳಿಯಾಗಿ ಸಾಲು ನಿಲ್ಲುತ್ತಿದ್ದ ಅಂಬಾಸಿಡರೇ!

ಮಾರಿಸ್ ಕಂಪನಿ ಕಟ್ಟಿದ ವಿಲಿಯಂ ಮಾರಿಸ್ ಮೊದಲು ಸೈಕಲ್ ರಿಪೇರಿ ಮಾಡಿಕೊಂಡಿದ್ದವನು. ಹದಿಹರೆಯದಲ್ಲೇ ನಾಲ್ಕು ಪೌಂಡ್ ಬಂಡವಾಳ ಹಾಕಿ ಸ್ವಂತ ಕೆಲಸ ಶುರುಮಾಡಿದ. 1913ರಲ್ಲಿ ಮೊದಲ ಕಾರು ತಂದಾಗ ಊರಿನ ಹೆಸರನ್ನೇ ಇಟ್ಟ: ಆಕ್ಸ್‌ಫರ್ಡ್. ಅಂದರೆ ಎತ್ತು ಹೊಳೆ ದಾಟುವ ಜಾಗ. ಬ್ಯಾಡ್ಜಿನಲ್ಲಿರುವ ಹೋರಿ ಅಲ್ಲಿಂದ ಬಂದದ್ದು. ಮುಂದೆ ಲಾರ್ಡ್ ನಫೀಲ್ಡ್ ಆದಮೇಲೆ, 1938ರಿಂದ, ಪೋಲಿಯೋದಿಂದ ಉಸಿರಾಡಲಾಗದವರಿಗೆ ಬೇಕಾದ 'ಕಬ್ಬಿಣದ ಶ್ವಾಸಕೋಶ'ಗಳನ್ನು ತನ್ನ ಕಾರ್ಖಾನೆಯಲ್ಲೇ ಮಾಡಿಸಿ ಆಸ್ಪತ್ರೆಗಳಿಗೆ ಪುಕ್ಕಟೆ ಹಂಚಿದ. ಸುಮ್ಮನೆ ದುಡ್ಡು ಮಾಡಿದವನಲ್ಲ.

ಕಂಪನಿಯ ಕಥೆ ಮಾತ್ರ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. 1952ರಲ್ಲಿ ಆಸ್ಟಿನ್ ಜೊತೆ ವಿಲೀನ, 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್, 1984ಕ್ಕೆ ಮಾರಿಸ್ ಹೆಸರಿನ ಕಾರುಗಳೇ ನಿಂತವು. ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ಈಗ ಬಿಎಂಡಬ್ಲ್ಯೂನವರ ಮಿನಿ ತಯಾರಾಗುತ್ತೆ.

ಸೀರೀಸ್ 3 ಇಂಗ್ಲೆಂಡಿನಲ್ಲಿ ತಯಾರಾದದ್ದು 1956ರಿಂದ 1959ರವರೆಗೆ, ಅಷ್ಟೇ. ಆದರೆ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಕಲ್ಕತ್ತಾ ಹತ್ತಿರದ ಉತ್ತರಪಾಡಾಕ್ಕೆ ತಂದು, ಅಂಬಾಸಿಡರ್ ಅಂತ ಹೆಸರಿಟ್ಟು, 1958ರಿಂದ 2014ರವರೆಗೆ ಮಾಡುತ್ತಲೇ ಇತ್ತು. ಹೆತ್ತ ಮನೆಯಲ್ಲಿ ಮೂರು ವರ್ಷ, ಸಾಕಿದ ಮನೆಯಲ್ಲಿ ಐವತ್ತಾರು! 2017ರಲ್ಲಿ ಆ ಹೆಸರನ್ನೂ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು.

ಹಾಗಾದರೆ ಈ ಜಾಹೀರಾತಿನವರು ಹೇಳುವ 'ಪರಂಪರೆ' ಯಾರದ್ದು? ಹೆಸರು ಮಾರಬಹುದು, ಕಾರ್ಖಾನೆ ಮುಚ್ಚಬಹುದು. ಗಾಡಿಯ ವಿದ್ಯೆ ಇರೋದು ಅದನ್ನು ಬಿಚ್ಚಿ ಕಟ್ಟಿದವರ ಕೈಯಲ್ಲಿ ಅಂತ ನನ್ನ ವಾದ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನಮ್ಮಪ್ಪ ಇಪ್ಪತ್ತೆರಡು ವರ್ಷ ಚಿಕ್ಕಮಗಳೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಚಾರ್ಮಾಡಿ ಘಾಟಿಯಲ್ಲಿ ಇಂಜಿನ್ ಕಾದು ಗಾಡಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಒಂದು ಬೀಡಿ ಸೇದುವಷ್ಟರಲ್ಲಿ ಮತ್ತೆ ಹೊರಡಿಸುತ್ತಿದ್ದರು. ಅವರು ಇಲ್ಲಿಗೆ ಬಂದಾಗಲೆಲ್ಲ ಎರಡೇ ವಾರಕ್ಕೆ ಮಂಕಾಗಿಬಿಡ್ತಾರೆ. ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ, ನನ್ನ ಕಾರಿನ ಬಾನೆಟ್ ಎತ್ತಿದರೆ ಬರೀ ಪ್ಲಾಸ್ಟಿಕ್ ಮುಚ್ಚಳ. ಹೋದ ಸಲ, "ನಿಮ್ಮೂರಲ್ಲಿ ನನ್ನ ಕೈಗೆ ಏನೂ ಕೆಲಸ ಇಲ್ವಲ್ಲೋ" ಅಂದಿದ್ದರು. ಅವರಿಗೀಗ ಎಪ್ಪತ್ತೆಂಟು.

ಫೋಟೋ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್. "ಬೆಲೆ ಆಮೇಲೆ. ಸ್ಟೇರಿಂಗ್ ಎಷ್ಟು ಆಟ ಇದೆ? ತಳಕ್ಕೆ ತುಕ್ಕು ಹಿಡಿದಿದ್ರೆ ಬೇಡ. ಇದಕ್ಕೆ ಬೇರೆ ಚಾಸಿ ಇಲ್ಲ ಕಣೋ, ಬಾಡಿನೇ ಎಲ್ಲಾ." ಅಷ್ಟು ಉದ್ದ ಮಾತಾಡಿ ಎಷ್ಟೋ ತಿಂಗಳಾಗಿತ್ತು.

ಮನೆಯಾಕೆಯ ತಕರಾರೂ ನ್ಯಾಯವಾದದ್ದೇ. ಎಸಿ ಇಲ್ಲ, ಸ್ಟೇರಿಂಗ್ ಬಲಕ್ಕೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 114ನೇ ಹೆದ್ದಾರಿಯ ಪಿಕಪ್ ಟ್ರಕ್ಕುಗಳ ನಡುವೆ ಇದು ಪಾಪದ ಪ್ರಾಣಿ. ಟೆಕ್ಸಾಸಿನಲ್ಲಿ 25 ವರ್ಷ ದಾಟಿದ ಕಾರಿಗೆ ಆಂಟೀಕ್ ಪ್ಲೇಟು ಸಿಗುತ್ತೆ ನಿಜ, ಆದರೆ ಅದು ಪ್ರದರ್ಶನ, ಮೆರವಣಿಗೆಗಳಿಗೆ. ದಿನಾ ಆಫೀಸಿಗೆ ಓಡಿಸೋಕಲ್ಲ. ನನಗೆ ಬೇಕಿರೋದೂ ಓಡೋ ಕಾರಲ್ಲ, ಗರಾಜಿನಲ್ಲಿ ಅಪ್ಪನಿಗೊಂದು ಕೆಲಸ.

ಶನಿವಾರ ನೋಡಲು ಹೋಗ್ತಿದೀನಿ, ವಿಡಿಯೋದಲ್ಲಿ ಅಪ್ಪನೂ ಇರ್ತಾರೆ. ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರೇ, ನಿಮಗೂ ಈ ಗಾಡಿ ಮೇಲೆ ಕಣ್ಣಿದ್ದರೆ ದಯವಿಟ್ಟು ಅಲ್ಲಿವರೆಗೆ ತಡೀರಿ. ತಳಕ್ಕೆ ತುಕ್ಕು ಇದ್ದರೆ ನಾನೇ ತಿಳಿಸ್ತೀನಿ!