ಗಿಡ್ಡ ನಳಿಗೆಯ ಫಿರಂಗಿ

ಆಸ್ಟ್ರೇಲಿಯದ ಕ್ಯಾನ್‌ಬೆರಾ ಯುದ್ಧಸ್ಮಾರಕದ ವಸ್ತುಸಂಗ್ರಹದಲ್ಲಿ ಎರಡನೆಯ ಮಹಾಯುದ್ಧದ ಜಪಾನೀ ಕಿರುಫಿರಂಗಿಯೊಂದಿದೆ. ನೋಡಿದವರಿಗೆ ಆಟಿಕೆಯೇನೋ ಎನ್ನಿಸೀತು. ಹೆಸರು ‘92ನೆಯ ಮಾದರಿ’; ಅದು ಬಳಕೆಗೆ ಬಂದ 1932ನೆಯ ಇಸವಿ ಜಪಾನೀ ಸಾಮ್ರಾಜ್ಯಶಕೆಯಲ್ಲಿ 2592. ನಳಿಗೆಯ ಬಾಯಿ 70 ಮಿಲಿಮೀಟರು, ಒಟ್ಟು ತೂಕ ಸುಮಾರು 216 ಕಿಲೋಗ್ರಾಂ. ಕುದುರೆ ಹತ್ತಲಾರದ ಕಡೆ ಸಿಪಾಯಿಗಳೇ ಬಿಚ್ಚಿ ಹೊತ್ತೊಯ್ಯುತ್ತಿದ್ದರು.

ಚಕ್ರಗಳ ಅಚ್ಚು ಡೊಂಕಾದುದು. ತಿರುಗಿಸಿದರೆ ಫಿರಂಗಿ ತಗ್ಗಿ ಶತ್ರುವಿನ ಕಣ್ಣಿಗೆ ಮರೆಯಾಗುವುದು. ಎತ್ತರಿಸಿದರೆ ನಳಿಗೆ ಆಕಾಶಕ್ಕೆ ಮುಖಮಾಡಿ, ಗುಂಡು ಗುಡ್ಡದಾಚೆಯ ಕಂದಕದೊಳಕ್ಕೆ ಬೀಳುವುದು.

ಆದರೆ ಈ ಲಾಘವಕ್ಕೆ ಬೆಲೆ ತೆರಬೇಕಾಗಿತ್ತು. ಗಿಡ್ಡ ನಳಿಗೆಯಲ್ಲಿ ಮದ್ದಿನ ಅನಿಲ ಗುಂಡನ್ನು ನೂಕುವ ದೂರ ಅಲ್ಪ, ವೇಗವೂ ಅಲ್ಪ. ಸುಮಾರು 2,800 ಮೀಟರಿನಾಚೆಗೆ ಗುಂಡು ಹೋಗಲಾರದು. ಆದುದರಿಂದ ತೋಪಿನವರು ಕಾಲಾಳುಗಳೊಡನೆ, ಶತ್ರುವಿನ ಬಂದೂಕುಗಳ ಎದುರಿನಲ್ಲೇ ನಿಲ್ಲಬೇಕಾಗಿತ್ತು. ಅವರಿಗಿದ್ದ ಮರೆ ಉಕ್ಕಿನ ತೆಳುಹಲಗೆಯೊಂದೇ.