ಹಳೆಯ ಡಾಮರಿಗೆ ಮರುಹುಟ್ಟು

ನಾಲವಾರದಿಂದ ವಾಡಿಯ ಕಡೆಗೆ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ಎರೆಮಣ್ಣಿನ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಕುಡಿದರೆ ಅದು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಮಲಗಿರುವ ರಸ್ತೆಯೂ ಈ ಏರಿಳಿತಕ್ಕೆ ಒಳಗಾಗಲೇಬೇಕು. ಸಿಮೆಂಟನ್ನೂ ಶಹಾಬಾದಿನ ಹಾಸುಗಲ್ಲನ್ನೂ ಹೊತ್ತ ಲಾರಿಗಳ ಭಾರ ಬೇರೆ. ಬಿಸಿಲು ಗಾಳಿಗಳಿಗೆ ಸಿಕ್ಕ ಡಾಮರು ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ; ಪೆಡಸಾದುದು ಸೀಳುತ್ತದೆ; ಸೀಳಿನಲ್ಲಿ ಇಳಿದ ನೀರು ಅಡಿಪಾಯವನ್ನೇ ಮೆತ್ತಗೆ ಮಾಡುತ್ತದೆ.

ಇಂಥ ರಸ್ತೆಗೆ ಮತ್ತೊಂದು ಪದರ ಡಾಮರು ಹೊದಿಸುವುದು ರೂಢಿ. ಒಳಗಿನ ರೋಗ ಮಾತ್ರ ಹಾಗೆಯೇ ಉಳಿಯುತ್ತದೆ. ಪದರದ ಮೇಲೆ ಪದರ ಬಿದ್ದು, ಊರೊಳಗೆ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಾಗುವುದೂ ಉಂಟು.

ಬೇರೊಂದು ಉಪಾಯವಿದೆ. ಹಲ್ಲುಗಳುಳ್ಳ ದೊಡ್ಡ ಉರುಳೆಯ ಯಂತ್ರವೊಂದು ಡಾಮರನ್ನೂ ಕೆಳಗಿನ ಜಲ್ಲಿಯನ್ನೂ ಒಟ್ಟಿಗೆ ಕಿತ್ತು ಪುಡಿಮಾಡುತ್ತದೆ. ಅದಕ್ಕೆ ಸಿಮೆಂಟು, ನೀರು ಬೆರೆಸಿ, ಅಲ್ಲಿಯೇ ಹರಡಿ, ರೋಲರಿನಿಂದ ಅದುಮುತ್ತಾರೆ. ಸಿಮೆಂಟಿನ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಕೂಡಿ ಲೋಳೆಯಂಥ ವಸ್ತುವಾಗಿ, ಕ್ರಮೇಣ ಗಟ್ಟಿಯಾಗಿ ಚೂರುಗಳನ್ನು ಬಂಧಿಸುತ್ತವೆ. ಡಾಮರು ಸವರಿದ ಕಲ್ಲಿಗೆ ಈ ಬಂಧ ಬರಿಯ ಕಲ್ಲಿಗೆ ಹಿಡಿದಷ್ಟು ಬಿಗಿಯಾಗಿ ಹಿಡಿಯದು; ಆದುದರಿಂದ ಆಯಾ ರಸ್ತೆಯ ಮಾದರಿಯನ್ನು ಮೊದಲೇ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಉತ್ತರ ಪ್ರದೇಶದಲ್ಲಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಘಟ್ಟದ ಅನೇಕ ರಸ್ತೆಗಳನ್ನು ಹೀಗೆ ಕಟ್ಟಿದ್ದಾರೆ.

ಲೆಕ್ಕ ಹಾಕಿ ನೋಡೋಣ. 1 ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲದ ರಸ್ತೆಯನ್ನು 30 ಸೆಂಟಿಮೀಟರ್ ಆಳಕ್ಕೆ ಅಗೆದರೆ 1,125 ಘನಮೀಟರ್ ಸಾಮಗ್ರಿ ದೊರೆಯುತ್ತದೆ. ಘನಮೀಟರಿಗೆ 2 ಟನ್ನಿನಂತೆ ಅದರ ತೂಕ 2,250 ಟನ್ನು, ಎಂದರೆ ಹತ್ತು ಟನ್ನಿನ 225 ಲಾರಿಗಳ ಹೊರೆ. ಅಷ್ಟು ಕಲ್ಲನ್ನು ಹೊಸದಾಗಿ ಗುಡ್ಡ ಒಡೆದು ತರಬೇಕಾಗಿಲ್ಲ. ನೂರಕ್ಕೆ 5ರಂತೆ ಬೇಕಾದ ಸಿಮೆಂಟು ಸುಮಾರು 112 ಟನ್ನು. ವಾಡಿ, ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಇಲ್ಲೆಲ್ಲ ಸುಣ್ಣಕಲ್ಲನ್ನು ಸುಡುವ ಗೂಡುಗಳಿರುವಾಗ ಅದಕ್ಕೆ ದೂರ ಹೋಗಬೇಕೆ?

ಆದರೆ ಸಿಮೆಂಟು ಪುಕ್ಕಟೆಯ ವಸ್ತುವಲ್ಲ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಉರುವಲಿನ ಹೊಗೆ ಬೇರೆ. ಹೆಚ್ಚು ಬೆರೆಸಿದರೆ ರಸ್ತೆ ಇನ್ನೂ ಗಟ್ಟಿಯಾದೀತೆಂಬ ಎಣಿಕೆಯೂ ತಪ್ಪು. ಸಿಮೆಂಟು ಒಣಗುವಾಗ ಕುಗ್ಗುತ್ತದೆ. ಅತಿಯಾದರೆ ಪದರ ಬಿರುಕುಬಿಟ್ಟು, ಆ ಬಿರುಕು ಮೇಲಿನ ಹೊಸ ಡಾಮರಿನಲ್ಲಿಯೂ ಮೂಡುತ್ತದೆ. ತಡಮಾಡಿದರೂ ಕೆಡುಕೇ: ಬೆರೆಸಿದ ಸುಮಾರು ಎರಡು ಗಂಟೆಗಳಲ್ಲಿ ರೋಲರು ತನ್ನ ಕೆಲಸ ಮುಗಿಸಬೇಕು. ಅನಂತರ ಕೆಲವು ದಿನ ಪದರವನ್ನು ತೇವವಾಗಿರಿಸಿ, ಅದರ ಮೇಲೆ ಬಿರುಕನ್ನು ತಡೆಯಬಲ್ಲ ಮೆತುವಾದ ಒಂದು ಪೊರೆಯನ್ನು ಹಾಸಿ, ಕೊನೆಗೆ ಡಾಮರು ಹಾಕುತ್ತಾರೆ.